ನೋಡಿಕೊಂಡವರ ಸರದಿ

ಮನೆಯಲ್ಲಿ ಒಬ್ಬರು ಕಾಯಿಲೆಯಿಂದ ಚೇತರಿಸಿಕೊಂಡು ಎದ್ದು ಓಡಾಡುವ ಹೊತ್ತಿಗೆ ಅವರನ್ನು ನೋಡಿಕೊಂಡವರು ಹಾಸಿಗೆ ಹಿಡಿದಿರುತ್ತಾರೆ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೆಂದರೆ, ಈಗ ಯಾರಾದರೂ ಆಸ್ಪತ್ರೆಯಿಂದ ಬಿಡುಗಡೆಯಾದರು ಎಂದು ಕೇಳಿದೊಡನೆ ರಾತ್ರಿ ಅವರ ಜೊತೆ ಇದ್ದವರು ಯಾರು ಎಂಬ ಯೋಚನೆಯೇ ಮೊದಲು ಬರುತ್ತದೆ. 'ಅವರಿಂದ ಅಂಟಿಕೊಂಡಿತು' ಎಂದು ಜನ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ನಮ್ಮ ಮನೆಯಲ್ಲಿ ರೋಗಿ ಮಲಗಿದ್ದು ಮೂಳೆ ಮುರಿದಿದ್ದಕ್ಕೆ. ಮುರಿದ ಮೂಳೆ ಯಾರಿಗೂ ಅಂಟುವುದಿಲ್ಲ.

ಅಪ್ಪನ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದಾಗ ನಾನೂ ಅಕ್ಕನೂ ಪಾಳಿ ಹಂಚಿಕೊಂಡಿದ್ದೆವು. ಹಗಲು ನನ್ನದು, ರಾತ್ರಿ ಅವಳದು. ಕಾರಣ ಸರಳ, ಅವಳು ಗಟ್ಟಿ. ನಮ್ಮಿಬ್ಬರಲ್ಲಿ ಬೆಳಗಾಗೆದ್ದು ನಡೆಯುವವಳು ಅವಳು, ಹವೆ ಬದಲಾದಾಗೆಲ್ಲ ಮೂಗು ಸೋರುವವನು ನಾನು. ರಾತ್ರಿ ವಾರ್ಡಿನಲ್ಲಿ ಜೊತೆಗಿರುವವರಿಗೆ ಸಿಗುವುದು ಒಂದು ಕುರ್ಚಿ. ಅದರಲ್ಲಿ ನಿದ್ದೆ ಬರುವುದಿಲ್ಲ ಎಂದಲ್ಲ, ಬರುತ್ತದೆ, ಆದರೆ ತುಂಡು ತುಂಡಾಗಿ. ಡ್ರಿಪ್ ಮುಗಿದ ಯಂತ್ರ ಕೂಗುತ್ತದೆ, ಪಕ್ಕದ ಹಾಸಿಗೆಯವರು ಕೆಮ್ಮುತ್ತಾರೆ, ನರ್ಸ್ ಬಂದು ದೀಪ ಹಾಕಿ ರಕ್ತದೊತ್ತಡ ನೋಡುತ್ತಾರೆ, ಅಪ್ಪ ನೀರು ಕೇಳುತ್ತಾರೆ. ಎಲ್ಲ ಒಮ್ಮೆ ತಣ್ಣಗಾಗಿ ಕಣ್ಣು ಹತ್ತಿತು ಅನ್ನುವಾಗ ನೆಲ ಒರೆಸುವವರ ಬಕೆಟ್ಟು ಸದ್ದು ಮಾಡುತ್ತದೆ. ಬೆಳಿಗ್ಗೆ ನಾನು ಹೋದಾಗ ಅಕ್ಕ 'ಚೆನ್ನಾಗೇ ನಿದ್ದೆ ಆಯ್ತು ಕಣೋ' ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಎಷ್ಟು ಸಲ ಎಚ್ಚರವಾಯಿತು ಎಂಬುದು ಅವಳಿಗೇ ಲೆಕ್ಕ ಸಿಗುತ್ತಿರಲಿಲ್ಲ.

ಅದೇ ವಾರ್ಡು, ಅದೇ ಬಾಗಿಲಿನ ಹಿಡಿ, ಅದೇ ಕೆಮ್ಮುವ ನೆರೆಯವರು. ಹಗಲಿಡೀ ಅಲ್ಲಿ ಕೂತ ನನಗೆ ಎರಡು ದಿನ ಗಂಟಲು ಕೆರೆಯಿತು, ಅಷ್ಟೆ. ಅಪ್ಪ ಮನೆಗೆ ಬಂದ ಮೇಲೆ ಅಕ್ಕನಿಗೆ ಜ್ವರ, ಮೈಕೈ ನೋವು, ಕೆಮ್ಮು. ಎದ್ದು ಕೂರಲು ವಾರಗಳೇ ಬೇಕಾದವು. ಇಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಗೊತ್ತು. ಅವಳಿಗೆ ಬೇರೆಯದೇ ವೈರಸ್ ತಗುಲಿರಬಹುದು, ನನಗೆ ಅದು ಹಿಂದೆಂದೋ ಬಂದು ಹೋಗಿರಬಹುದು. ಆದರೂ 'ಗಟ್ಟಿ ಇರುವವರು ಮಲಗಿದರು, ಪೀಚಲು ಉಳಿಯಿತು' ಎಂಬುದು ತಲೆಯಿಂದ ಹೋಗಲಿಲ್ಲ. ಅವಳ ಕೆಟ್ಟ ನಿದ್ದೆಗೂ ಕಾಯಿಲೆಗೂ ನಂಟಿದೆಯೇ ಎಂದು ಓದಲು ಕೂತವನು ಈ ವಿಷಯದಿಂದ ಇನ್ನೂ ಎದ್ದಿಲ್ಲ.

ಮೂಗಿಗೆ ವೈರಸ್ ಬಿಟ್ಟು ಕಾದವರು

ನಿದ್ದೆಗೆಟ್ಟವರಿಗೆ ಕಾಯಿಲೆ ಹೆಚ್ಚು ಎಂದು ಹೇಳುವುದು ಸುಲಭ, ತೋರಿಸುವುದು ಕಷ್ಟ. ನಿದ್ದೆಗೆಟ್ಟವರು ಹೊರಗೆ ಹೆಚ್ಚು ತಿರುಗಿ ಹೆಚ್ಚು ವೈರಸ್ ಎದುರಿಸಿರಬಹುದು. ಚಿಂತೆಯಿಂದ ನಿದ್ದೆ ಕೆಟ್ಟಿದ್ದು, ಕಾಯಿಲೆಗೂ ಆ ಚಿಂತೆಯೇ ಕಾರಣವಿರಬಹುದು. ಕಾಯಿಲೆ ಒಳಗೊಳಗೇ ಶುರುವಾಗಿ ಅದರಿಂದಲೇ ನಿದ್ದೆ ಹಾರಿರಬಹುದು. ಈ ಗೋಜಲನ್ನು ಬಿಡಿಸುವ ದಾರಿ ಒಂದೇ: ಎಲ್ಲರಿಗೂ ಒಂದೇ ವೈರಸ್ಸನ್ನು, ಒಂದೇ ಅಳತೆಯಲ್ಲಿ, ನೇರ ಮೂಗಿಗೇ ಬಿಟ್ಟು ನೋಡುವುದು.

ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮಾಡಿದ್ದು ಅದನ್ನೇ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 153 ಆರೋಗ್ಯವಂತರು ಎರಡು ವಾರ ಪ್ರತಿದಿನ ಹಿಂದಿನ ರಾತ್ರಿಯ ನಿದ್ದೆಯ ಲೆಕ್ಕ ಕೊಟ್ಟರು. ಆಮೇಲೆ ಅವರನ್ನು ಬೇರೆಯಾಗಿ ಇರಿಸಿ ಮೂಗಿಗೆ ರೈನೋವೈರಸ್ಸಿನ ಹನಿ ಬಿಟ್ಟು ಐದು ದಿನ ಕಾದರು. ರೈನೋವೈರಸ್ ಅಂದರೆ ಸಾಮಾನ್ಯ ನೆಗಡಿ ತರುವಂಥದ್ದು. ಎಂಟು ಗಂಟೆ ಅಥವಾ ಹೆಚ್ಚು ಮಲಗುತ್ತಿದ್ದವರಿಗಿಂತ ಏಳು ಗಂಟೆಗೂ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿಯಾಗುವ ಸಂಭವ 2.94 ಪಟ್ಟು ಹೆಚ್ಚು ಎಂದು ಕಂಡಿತು. ನನ್ನ ಗಮನ ಸೆಳೆದದ್ದು ಇನ್ನೊಂದು ಅಂಕಿ. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜಕ್ಕೂ ನಿದ್ದೆ ಮಾಡಿದ್ದು ಎಷ್ಟು ಪಾಲು ಎಂಬ ಲೆಕ್ಕದಲ್ಲಿ, 92 ಶೇಕಡಕ್ಕಿಂತ ಕಡಿಮೆ ಇದ್ದವರ ಸಂಭವ 98 ಶೇಕಡ ಮತ್ತು ಮೇಲ್ಪಟ್ಟವರಿಗಿಂತ ಐದೂವರೆ ಪಟ್ಟು. ತುಂಡು ನಿದ್ದೆ ಕಡಿಮೆ ನಿದ್ದೆಗಿಂತಲೂ ಕೆಟ್ಟದ್ದು ಎಂಬ ಗುಮಾನಿಗೆ ಅದು ಇಂಬು ಕೊಟ್ಟಿತು. ವಾರ್ಡಿನ ಕುರ್ಚಿ ನೆನಪಾಯಿತು.

ಆದರೆ ಎಷ್ಟು ಹೊತ್ತು ಮಲಗಿದೆವು ಎಂಬ ನಮ್ಮದೇ ಲೆಕ್ಕವನ್ನು ನಂಬುವಂತಿಲ್ಲ, ಸಾಮಾನ್ಯವಾಗಿ ಜನ ಜಾಸ್ತಿಯೇ ಹೇಳುತ್ತಾರೆ. ಹಾಗಾಗಿ ಕೋಹೆನ್ ಜೊತೆ ಕೆಲಸ ಮಾಡಿದ ಆರಿಕ್ ಪ್ರೇಥರ್ ಮುಂದಿನ ಸಲ 164 ಜನರ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ಒಂದು ವಾರ ನಿದ್ದೆ ಅಳೆದರು. ನಂತರ ಹೋಟೆಲಿನಲ್ಲಿ ಇರಿಸಿ ಅದೇ ಹನಿ. ದಿನವೂ ಅವರು ಮೂಗು ಒರೆಸಿ ಎಸೆದ ಕಾಗದವನ್ನು ಚೀಲದಲ್ಲಿ ಕಟ್ಟಿಟ್ಟು ತೂಗುತ್ತಿದ್ದರು. ಎಷ್ಟು ಸೋರಿತು ಎಂದು ತಿಳಿಯಲು ಬೇರೆ ದಾರಿ ಇಲ್ಲವಲ್ಲ! 2015ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಐದು ಗಂಟೆಗೂ ಕಡಿಮೆ ಮಲಗಿದವರಿಗೆ ನೆಗಡಿಯ ಸಂಭವ ನಾಲ್ಕೂವರೆ ಪಟ್ಟು, ಐದರಿಂದ ಆರು ಗಂಟೆ ಮಲಗಿದವರಿಗೆ 4.24 ಪಟ್ಟು. ಆರರಿಂದ ಏಳು ಗಂಟೆ ಮಲಗಿದವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಯಸ್ಸು, ಆದಾಯ, ಒತ್ತಡ, ಧೂಮಪಾನ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿಯಿತು.

ಈ ಅಂಕಿಗಳನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು, ಪ್ರೇಥರ್ ಅವರ ಅಧ್ಯಯನದಲ್ಲಿ ಮೂಗಿಗೆ ವೈರಸ್ ಬಿಟ್ಟರೂ ಕಾಯಿಲೆ ಬಿದ್ದವರು ಮೂರನೆಯ ಒಂದು ಪಾಲಿಗಿಂತ ಕಡಿಮೆ ಎಂಬುದು. ಸೋಂಕು ತಗುಲಿತ್ತು, ವೈರಸ್ ಒಳಗೆ ಸಂಖ್ಯೆ ಹೆಚ್ಚಿಸಿಕೊಂಡಿತ್ತು, ಆದರೂ ಆ ವ್ಯಕ್ತಿಗೆ ಏನೂ ಆಗಿರಲಿಲ್ಲ. ಅಂಥವರು ಹಲವರಿದ್ದರು. ಅಂದರೆ ಸೋಂಕು ಬೇರೆ, ಕಾಯಿಲೆ ಬೇರೆ. ನಿದ್ದೆಯನ್ನು ಬಾಗಿಲ ಕಾವಲುಗಾರನಂತೆ ಚಿತ್ರಿಸುವ ಮಾತೆಲ್ಲ ಇಲ್ಲಿ ಸಡಿಲಗೊಳ್ಳುತ್ತದೆ. ವೈರಸ್ ಒಳಗೆ ಬಂದ ಮೇಲೆ ಏನಾಗುತ್ತದೆ ಎಂಬುದರಲ್ಲೇ ವಿಷಯವಿದೆ.

ಮೊದಲ ಜಾವದ ಕೆಲಸ

ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ದೆ ಹೆಚ್ಚು. ಆಗ ಬೆಳವಣಿಗೆಯ ಹಾರ್ಮೋನ್ ಮತ್ತು ಪ್ರೊಲ್ಯಾಕ್ಟಿನ್ ಏರುತ್ತವೆ, ಒತ್ತಡದ ಹಾರ್ಮೋನುಗಳಾದ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ತಳ ಮುಟ್ಟುತ್ತವೆ. ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಟಿ ಕೋಶಗಳು. ರಕ್ತದಲ್ಲಿ ತಿರುಗುತ್ತಿದ್ದ ಟಿ ಕೋಶಗಳಲ್ಲಿ ಒಂದಷ್ಟು ಈ ಹೊತ್ತಿಗೆ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಸರಿಯುತ್ತವೆ. ಹಗಲಿನಲ್ಲಿ ಕಂಡ ವೈರಸ್ಸಿನ ಚೂರುಗಳನ್ನು ಹೊತ್ತು ತಂದ ಕೋಶಗಳು ಇವುಗಳಿಗೆ 'ಇಗೋ, ಇವನೇ' ಎಂದು ಗುರುತು ತೋರಿಸುವುದು ಅಲ್ಲಿಯೇ. ಯಾವ ಶತ್ರುವಿನ ಮೇಲೆ ಎಂಥ ಪ್ರತಿಕಾಯ (ಆಂಟಿಬಾಡಿ) ಮಾಡಬೇಕು, ಯಾವುದನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ತೀರ್ಮಾನವಾಗುವುದೂ ಆ ಗ್ರಂಥಿಗಳಲ್ಲಿಯೇ. ಎಚ್ಚರವಿದ್ದಾಗಲೂ ಇದು ನಿಲ್ಲುವುದಿಲ್ಲ. ಆದರೆ ಗಾಢನಿದ್ದೆಯ ಹೊತ್ತಿನ ಹಾರ್ಮೋನ್ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸ್ಟೊಯಾನ್ ಡಿಮಿಟ್ರೊವ್, ಲೂಸಿಯಾನಾ ಬೆಸೆಡೊವ್‌ಸ್ಕಿ ಮತ್ತವರ ಸಂಗಡಿಗರು 2019ರಲ್ಲಿ ತೋರಿಸಿದ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ವೈರಸ್ ಹೊಕ್ಕ ಕೋಶವನ್ನು ಟಿ ಕೋಶ ಕೊಲ್ಲಬೇಕಾದರೆ ಮೊದಲು ಅದಕ್ಕೆ ಅಂಟಿಕೊಳ್ಳಬೇಕು. ಹಾಗೆ ಅಂಟಿಸುವ ಪ್ರೋಟೀನುಗಳೇ ಇಂಟೆಗ್ರಿನ್‌ಗಳು. ಅಡ್ರಿನಲಿನ್, ನಾರ್‌ಅಡ್ರಿನಲಿನ್, ಪ್ರೊಸ್ಟಗ್ಲಾಂಡಿನ್‌ನಂಥ ರಾಸಾಯನಿಕಗಳು ಇಂಟೆಗ್ರಿನ್‌ಗಳನ್ನು ಸಡಿಲಿಸುತ್ತವೆ. ನಿದ್ದೆಯಲ್ಲಿ ಅಡ್ರಿನಲಿನ್ ಇಳಿಯುತ್ತದೆ, ಅಂಟು ಬಿಗಿಯಾಗುತ್ತದೆ. ಮಲಗಿದವರ ಟಿ ಕೋಶಗಳನ್ನೂ ರಾತ್ರಿ ಎದ್ದಿದ್ದವರ ಟಿ ಕೋಶಗಳನ್ನೂ ಹೋಲಿಸಿದಾಗ ಈ ವ್ಯತ್ಯಾಸ ಕಣ್ಣಿಗೆ ಕಂಡಿತು. ವಾರಗಟ್ಟಲೆ ನಿದ್ದೆಗೆಡಬೇಕಾಗಿರಲಿಲ್ಲ. ಒಂದೇ ರಾತ್ರಿಯ ಕೆಲವು ಗಂಟೆ ಸಾಕಾಯಿತು.

ಇದಕ್ಕೂ ಬಹಳ ಮೊದಲು, 1994ರಲ್ಲಿ, ಮೈಕಲ್ ಇರ್ವಿನ್ 23 ಗಂಡಸರನ್ನು ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ಏಳರವರೆಗೆ ಮಲಗದಂತೆ ನೋಡಿಕೊಂಡಿದ್ದರು. ವೈರಸ್ ತಗುಲಿದ ಕೋಶಗಳನ್ನು ಮುಂಚೂಣಿಯಲ್ಲಿ ಹೊಡೆಯುವ ನ್ಯಾಚುರಲ್ ಕಿಲ್ಲರ್ ಕೋಶಗಳ ಚಟುವಟಿಕೆ ಅವರಲ್ಲಿ 18 ಮಂದಿಗೆ ಇಳಿದಿತ್ತು. ಸರಾಸರಿ ತೆಗೆದರೆ ಮೊದಲಿದ್ದದ್ದರ 72 ಶೇಕಡಕ್ಕೆ. ಮಾರನೇ ರಾತ್ರಿ ನೆಟ್ಟಗೆ ಮಲಗಿದ ಮೇಲೆ ಅದು ಮೊದಲಿನ ಮಟ್ಟಕ್ಕೆ ಮರಳಿತು. ಒಂದು ರಾತ್ರಿ ಕೆಟ್ಟರೆ ಎಲ್ಲ ಕೆಟ್ಟಿತು ಎಂದು ಹೆದರುವವರು ಈ ಎರಡನೇ ಅರ್ಧವನ್ನೂ ಓದಬೇಕು. ಶಾಲೆ ಕಾಲೇಜಿನ ಪರೀಕ್ಷೆಗೆ ಓದುತ್ತ ಒಂದು ರಾತ್ರಿ ಎದ್ದಿದ್ದರೆ ಅಂಥ ಅಪಾಯವಿಲ್ಲ. 'ಮಾರನೇ ರಾತ್ರಿ' ಎಂಬುದೇ ಇಲ್ಲದವರ ಪಾಡು ಬೇರೆ.

ಕುಂದುವುದಷ್ಟೇ ಅಲ್ಲ

ಇಷ್ಟು ಓದಿದಾಗ ನನ್ನ ಮನಸ್ಸಿನಲ್ಲಿ ಒಂದು ಸರಳ ಚಿತ್ರ ಮೂಡಿತ್ತು: ನಿದ್ದೆಗೆಟ್ಟರೆ ರೋಗನಿರೋಧಕ ಶಕ್ತಿ ಕುಂದುತ್ತದೆ, ವೈರಸ್ ಗೆಲ್ಲುತ್ತದೆ. ಈ ಚಿತ್ರ ಅರ್ಧ ಮಾತ್ರ ನಿಜ. ನಿದ್ದೆಗೆಟ್ಟವರ ರಕ್ತ ಪರೀಕ್ಷಿಸಿದರೆ ಇಂಟರ್‌ಲ್ಯೂಕಿನ್-6, ಸಿ-ರಿಯಾಕ್ಟಿವ್ ಪ್ರೋಟೀನ್‌ನಂಥ ಉರಿಯೂತದ ಸೂಚಕಗಳು ಅನೇಕ ಅಧ್ಯಯನಗಳಲ್ಲಿ ಏರಿಯೇ ಇರುತ್ತವೆ. ಒಂದು ಕಡೆ ಗುರಿಯಿಟ್ಟು ಹೊಡೆಯುವ ಕೋಶಗಳು ಮಂಕಾಗಿವೆ, ಇನ್ನೊಂದು ಕಡೆ ಬೆಂಕಿ ಸುಮ್ಮನೆ ಉರಿಯುತ್ತಿದೆ.

ನೆಗಡಿಯ ವಿಷಯದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ರೈನೋವೈರಸ್ ಮೂಗಿನ ಒಳಪದರವನ್ನು ಅಷ್ಟೇನೂ ಹಾಳುಮಾಡುವುದಿಲ್ಲ. ಮೂಗು ಸೋರುವುದು, ಕಟ್ಟುವುದು, ಗಂಟಲು ಉರಿಯುವುದು ಹೆಚ್ಚಿನಂಶ ನಮ್ಮ ದೇಹದ್ದೇ ಪ್ರತಿಕ್ರಿಯೆ. ವೈರಸ್ ಇದ್ದೂ ಆರಾಮವಾಗಿದ್ದವರಲ್ಲಿ ದೇಹ ಎಷ್ಟು ಬೇಕೋ ಅಷ್ಟೇ ಪ್ರತಿಕ್ರಿಯಿಸಿ ಕೆಲಸ ಮುಗಿಸಿತ್ತು. ಕಾಯಿಲೆ ಬಿದ್ದವರಲ್ಲಿ ಅದು ಅಳತೆ ಮೀರಿತು. ಹಾಗೆ ನೋಡಿದರೆ ನಿದ್ದೆಗೇಡಿನಿಂದ ತಪ್ಪುವುದು ಬಲ ಅನ್ನುವುದಕ್ಕಿಂತ ಹದ. ಒಲೆಯ ಉರಿಯನ್ನು ಏರಿಸಿ ಇಳಿಸುವ ಕೈಗೆ ತೂಕಡಿಕೆ ಬಂದಂತೆ.

ಇದು ಹೊಳೆದ ಮೇಲೆ 'ಇಮ್ಯೂನಿಟಿ ಹೆಚ್ಚಿಸುತ್ತದೆ' ಎಂದು ಪೊಟ್ಟಣದ ಮೇಲೇ ಬರೆದುಕೊಂಡು ಬರುವ ಪುಡಿ, ಮಾತ್ರೆ, ಕಷಾಯಗಳ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ತಾಳ್ಮೆಯೂ ಹೋಯಿತು. ಹೆಚ್ಚಿಸಿ ಏನು ಮಾಡಬೇಕು? ಅಲರ್ಜಿಯೂ ಹೆಚ್ಚಾದ ಪ್ರತಿರೋಧವೇ, ತನ್ನದೇ ಕೀಲುಗಳನ್ನು ತಿನ್ನುವ ಸಂಧಿವಾತವೂ ಅದೇ. ಕೋವಿಡ್‌ನ ದಿನಗಳಲ್ಲಿ 'ಸೈಟೊಕೈನ್ ಬಿರುಗಾಳಿ', ಅಂದರೆ ಪ್ರತಿರೋಧ ಹದ್ದು ಮೀರಿ ದೇಹಕ್ಕೇ ಹಾನಿ ಮಾಡುವುದು, ಎಂಬ ಮಾತು ಮನೆಮನೆಗೂ ತಲುಪಿತ್ತು. ತೀವ್ರವಾಗಿ ನರಳಿದ ಎಷ್ಟೋ ರೋಗಿಗಳಿಗೆ ವೈದ್ಯರು ಕೊಟ್ಟದ್ದು ಡೆಕ್ಸಾಮೆಥಸೋನ್, ಅಂದರೆ ಪ್ರತಿರೋಧವನ್ನು ತಗ್ಗಿಸುವ ಸ್ಟಿರಾಯ್ಡ್. ಅದು ಜೀವ ಉಳಿಸಿತು. ಇಷ್ಟು ದೊಡ್ಡ ಪಾಠವಾದ ಮೇಲೂ ನಾವು 'ಹೆಚ್ಚು, ಹೆಚ್ಚು' ಎಂದೇ ಕೇಳುತ್ತಿದ್ದೇವೆ.

ಇನ್ನೊಂದು ತೊಡಕೂ ಉಂಟು. ಅಕ್ಕನಿಗೆ ನಿದ್ದೆ ಮಾತ್ರ ಕೆಟ್ಟಿರಲಿಲ್ಲ, ಆತಂಕವೂ ಇತ್ತು. ಎರಡೂ ಒಟ್ಟಿಗೇ ಬರುವುದರಿಂದ ಬಿಡಿಸಿ ನೋಡುವುದು ಸುಲಭವಲ್ಲ. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮರೆಗುಳಿ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರ ಮೇಲೆ ಕೆಲಸ ಮಾಡಿದವರು. 1995ರ ಅಧ್ಯಯನದಲ್ಲಿ ಅಂಥ ಹೆಂಗಸರ ತೋಳಿನಲ್ಲಿ ಮಾಡಿದ ಪುಟ್ಟ ಗಾಯ ಮಾಯಲು ಉಳಿದವರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಮರುವರ್ಷದ ಅಧ್ಯಯನದಲ್ಲಿ ಫ್ಲೂ ಲಸಿಕೆಗೆ ಹೀಗೆ ನೋಡಿಕೊಳ್ಳುವವರ ದೇಹ ಕೊಟ್ಟ ಪ್ರತಿಕ್ರಿಯೆಯೂ ಸಪ್ಪೆಯಾಗಿತ್ತು. ಅದನ್ನು ಕೀಕೋಲ್ಟ್-ಗ್ಲೇಸರ್ ಓದಿದ್ದು ದೀರ್ಘಕಾಲದ ಒತ್ತಡದ ಫಲವೆಂದು. ಆ ಒತ್ತಡದೊಳಗೆ ಕೆಟ್ಟ ರಾತ್ರಿಗಳ ಪಾಲು ಸಣ್ಣದಿರಲಾರದು ಎಂಬುದು ನನ್ನ ಅನಿಸಿಕೆ. ಒತ್ತಡವನ್ನು ಲೆಕ್ಕಕ್ಕಿಟ್ಟ ಮೇಲೂ ನಿದ್ದೆಯ ಅಂತರ ಉಳಿಯಿತು ಎಂಬ ಪ್ರೇಥರ್ ಅವರ ಮಾತು ನನಗೆ ಮುಖ್ಯವಾಗುವುದು ಇಲ್ಲಿಯೇ.

ಕಾಯಿಲೆಯೇ ಮಲಗಿಸುತ್ತದೆ

ಕಾಯಿಲೆ ಬಿದ್ದ ಅಕ್ಕ ಹಗಲು ರಾತ್ರಿ ಎನ್ನದೆ ಮಲಗಿದಳು. ಮಾತ್ರೆಗೆಂದು ಎಬ್ಬಿಸಿದರೆ ನುಂಗಿ ಮತ್ತೆ ಮಗ್ಗುಲಾಗುತ್ತಿದ್ದಳು. ನೋಡಲು ಬಂದವರು 'ಇಷ್ಟು ಮಲಗಬಾರದು, ಸ್ವಲ್ಪ ಎದ್ದು ಓಡಾಡಿಸಿ' ಎಂದು ಬುದ್ಧಿ ಹೇಳಿದರು. ಬಿಟ್ಟುಹೋದ ನಿದ್ದೆಯನ್ನು ತೀರಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಅದೂ ಇದ್ದೀತು, ಆದರೆ ಜ್ವರದ ಮಂಪರಿಗೆ ತನ್ನದೇ ಆದ ಚರಿತ್ರೆಯಿದೆ.

ನಿದ್ದೆಗೆಟ್ಟ ಪ್ರಾಣಿಯ ಮೆದುಳಿನಲ್ಲಿ ನಿದ್ದೆ ಬರಿಸುವ ಏನೋ ಒಂದು ಕೂಡಿಕೊಳ್ಳುತ್ತದೆ ಎಂದು 1909ರಲ್ಲಿ ಜಪಾನಿನ ನಗೋಯಾದಲ್ಲಿ ಕುನಿಓಮಿ ಇಶಿಮೋರಿ ಹೇಳಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪ್ಯಾರಿಸ್ಸಿನ ಆನ್ರಿ ಪಿಯೆರಾನ್ ನಿದ್ದೆಗೆಡಿಸಿದ ನಾಯಿಗಳ ಮೆದುಳುಬಳ್ಳಿಯ ದ್ರವವನ್ನು ಬೇರೆ ನಾಯಿಗಳಿಗೆ ಕೊಟ್ಟು ಅವು ಮಲಗುವುದನ್ನು ಕಂಡರು. ಹಾರ್ವರ್ಡ್‌ನ ಜಾನ್ ಪಾಪೆನ್‌ಹೈಮರ್ ಮುಂದೆ ಆಡುಗಳ ಮೇಲೆ ಅದನ್ನೇ ಬೆಳೆಸಿದರು. 1982ರಲ್ಲಿ ಜೇಮ್ಸ್ ಕ್ರೂಗರ್ ಮತ್ತು ಸಂಗಡಿಗರು ಮನುಷ್ಯರ ಮೂತ್ರದಿಂದ ಆ ಅಂಶವನ್ನು ಬೇರ್ಪಡಿಸಿ ಗುರುತಿಸಿದಾಗ ಸಿಕ್ಕಿದ್ದು ಮ್ಯುರಾಮಿಲ್ ಪೆಪ್ಟೈಡ್. ಅದು ಬ್ಯಾಕ್ಟೀರಿಯಾದ ಕೋಶಗೋಡೆಯ ಚೂರು! ನಿದ್ದೆಯ ಮೂಲ ಹುಡುಕಲು ಹೊರಟವರ ಕೈಗೆ ಸೋಂಕಿನ ಗುರುತು ಸಿಕ್ಕಿತ್ತು. ಅಂಥ ಚೂರು ಕಂಡೊಡನೆ ಪ್ರತಿರೋಧದ ಕೋಶಗಳು ಬಿಡುವ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಎಂಬ ಸಂದೇಶಗಳೇ ಮೆದುಳಿಗೆ ಮಲಗು ಎನ್ನುತ್ತವೆ ಎಂಬುದು ಆಮೇಲೆ ತಿಳಿಯಿತು. ವೈರಸ್ಸಿನ ವಿಷಯದಲ್ಲೂ ಅಷ್ಟೆ. ಫ್ಲೂ ತಗುಲಿದ ಇಲಿಗಳು ಹೆಚ್ಚು ಮಲಗುತ್ತವೆ.

ಅದೂ ಎಲ್ಲ ಬಗೆಯ ನಿದ್ದೆಯಲ್ಲ. ಸೋಂಕಿನಲ್ಲಿ ಗಾಢನಿದ್ದೆ ಹೆಚ್ಚಿ, ಕನಸಿನ ನಿದ್ದೆ ಕಡಿಮೆಯಾಗುತ್ತದೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿ ದೇಹ ನಡುಗಲಾರದು, ನಡುಗದೆ ಜ್ವರ ಏರಿಸುವುದು ಕಷ್ಟ. ಹಾಗಾಗಿ ಅದನ್ನು ಬದಿಗೆ ಸರಿಸಲಾಗುತ್ತದೆ ಎಂಬ ವಿವರಣೆ ನನಗೆ ಬಹಳ ಹಿಡಿಸಿತು. ಹಣ್ಣಿನ ನೊಣದಲ್ಲಂತೂ ಈ ನಂಟು ಒಂದೇ ಅಣುವಿನಲ್ಲಿದೆ. 2019ರಲ್ಲಿ ಅಮಿತಾ ಸೆಹಗಲ್ ಅವರ ಪ್ರಯೋಗಾಲಯದಲ್ಲಿ ಹಿರೋಫುಮಿ ಟೋಡಾ ಪತ್ತೆ ಮಾಡಿದ 'ನೆಮುರಿ' ಎಂಬ ವಂಶವಾಹಿಯ ಪ್ರೋಟೀನು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ನೊಣವನ್ನು ಮಲಗಿಸುತ್ತದೆ.

ಆದ್ದರಿಂದ ಜ್ವರ ಬಂದವರನ್ನು ಮಲಗಲು ಬಿಡಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಮೀಟಿಂಗಿಗೆ ಕೂರುವ ಶೂರತನದ ಬಗ್ಗೆ ನನಗೆ ಹೇಳಲು ಒಳ್ಳೆಯದೇನೂ ಇಲ್ಲ.

ಲಸಿಕೆ ಮತ್ತು ಪಾಳಿ

ನನ್ನ ಗೆಳತಿಯೊಬ್ಬಳು ನರ್ಸ್. ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಕೆಲಸದ ನಿಯಮದಂತೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಮುಗಿಸಿ ರಕ್ತ ಪರೀಕ್ಷೆ ಮಾಡಿಸಿದಾಗ ಪ್ರತಿಕಾಯ ಬೇಕಾದ ಮಟ್ಟಕ್ಕೆ ಬಂದಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹಾಕಿಸಿಕೊಳ್ಳಬೇಕು. ಫೋನು ಮಾಡಿ ನಗುತ್ತಲೇ ಕೇಳಿದಳು, 'ಮೂರು ಸಲವೂ ನೈಟ್ ಮುಗಿಸಿ ಹಾಗೇ ಹೋಗಿ ಚುಚ್ಚಿಸಿಕೊಂಡಿದ್ದೆ. ಅದಕ್ಕೇನಾ?'

ಒಬ್ಬಳ ವಿಷಯದಲ್ಲಿ ಅದಕ್ಕೇ ಎಂದು ಹೇಳಲು ಬರುವುದಿಲ್ಲ. ನಿದ್ದೆ ಸರಿಯಿದ್ದವರಲ್ಲೂ ಕೆಲವರಿಗೆ ಈ ಲಸಿಕೆ ಹತ್ತುವುದಿಲ್ಲ. ವಯಸ್ಸು, ತೂಕ, ಧೂಮಪಾನ ಎಲ್ಲವೂ ಪಾತ್ರ ವಹಿಸುತ್ತವೆ. ಆದರೆ ಅವಳ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಷಿಕಾಗೋದಲ್ಲಿ ಕರಿನ್ ಸ್ಪೀಗಲ್ ಮತ್ತು ಈವ್ ವಾನ್ ಕೌಟರ್ 25 ಯುವಕರ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ರಾತ್ರಿ ನಾಲ್ಕೇ ಗಂಟೆ ಮಲಗಿ ಫ್ಲೂ ಲಸಿಕೆ ಪಡೆದವರಲ್ಲಿ ಹತ್ತು ದಿನದ ನಂತರ ಇದ್ದ ಪ್ರತಿಕಾಯ ಉಳಿದವರದ್ದರ ಅರ್ಧಕ್ಕಿಂತ ಕಡಿಮೆ. ಮೂರು ನಾಲ್ಕು ವಾರದ ಹೊತ್ತಿಗೆ ಆ ಅಂತರ ಮುಚ್ಚಿಹೋಗಿತ್ತು ಎಂಬುದನ್ನು ಹೇಳದೇ ಬಿಡುವವರೇ ಜಾಸ್ತಿ. ಜರ್ಮನಿಯ ಲ್ಯೂಬೆಕ್‌ನಲ್ಲಿ ತಾಂಜಾ ಲಾಂಗೆ, ಯಾನ್ ಬಾರ್ನ್ ಮೊದಲಾದವರು ಹೆಪಟೈಟಿಸ್ ಎ ಲಸಿಕೆ ಕೊಟ್ಟ ದಿನದ ರಾತ್ರಿ ಕೆಲವರನ್ನು ಮಲಗಲು ಬಿಟ್ಟು ಕೆಲವರನ್ನು ಎಚ್ಚರವಿಟ್ಟರು. ನಾಲ್ಕು ವಾರದ ಮೇಲೆ ಮಲಗಿದವರ ಪ್ರತಿಕಾಯ ಹತ್ತಿರಹತ್ತಿರ ಎರಡು ಪಟ್ಟು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಸ್ಪೀಗಲ್ ಮತ್ತಿತರರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಆರು ಗಂಟೆಗೂ ಕಡಿಮೆ ನಿದ್ದೆಯಿಂದ ಪ್ರತಿಕಾಯ ಕುಗ್ಗುವುದು ಗಂಡಸರಲ್ಲಿ ಸ್ಪಷ್ಟವಾಗಿತ್ತು. ಹೆಂಗಸರಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ಋತುಚಕ್ರ, ಮುಟ್ಟು ನಿಂತ ಮೇಲಿನ ಹಾರ್ಮೋನುಗಳ ಏರಿಳಿತವನ್ನು ಆ ಹಳೆಯ ಅಧ್ಯಯನಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 23 ಗಂಡಸರು, 25 ಯುವಕರು ಎಂದು ಬರೆಯುತ್ತಾ ಬಂದಾಗ ನಿಮಗೂ ಇದು ತಟ್ಟಿರಬಹುದು. ರಾತ್ರಿಯಿಡೀ ಎದ್ದು ಇನ್ನೊಬ್ಬರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು, ಅಳೆದದ್ದು ಹೆಚ್ಚಾಗಿ ಗಂಡಸರನ್ನು.

ಇದನ್ನೆಲ್ಲ ಹೇಳಿ, 'ಚುಚ್ಚಿಸಿಕೊಳ್ಳುವ ಮೊದಲಿನ ಎರಡು ರಾತ್ರಿ, ಆಮೇಲಿನ ಒಂದೆರಡು ರಾತ್ರಿ ಮಲಗುವ ಹಾಗೆ ನೋಡಿಕೋ' ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಪೊಳ್ಳೆನಿಸಿತು. ನಿದ್ದೆಯ ಬಗೆಗಿನ ಉಪದೇಶಗಳೆಲ್ಲ ಹೀಗೆಯೇ, ರಾತ್ರಿ ತನ್ನ ಕೈಯಲ್ಲಿರುವವರನ್ನು ಉದ್ದೇಶಿಸಿದವು. ಫೋನು ದೂರವಿಡಿ, ಕೋಣೆ ಕತ್ತಲಾಗಿಸಿ, ಕಾಫಿ ಬಿಡಿ. ಎಳೆ ಕೂಸಿನ ತಾಯಿಗೆ, ಹಾಸಿಗೆ ಹಿಡಿದ ಗಂಡನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವಳಿಗೆ, ಪಾಳಿಯವರಿಗೆ ಇದರಲ್ಲಿ ಒಂದು ಸಾಲೂ ಇಲ್ಲ. ಅವರಿಗೆ ಬೇಕಾದದ್ದು ಸಲಹೆಯಲ್ಲ, ಪಾಳಿಗೆ ಇನ್ನೊಂದು ಜೊತೆ ಕೈ. ನಮ್ಮ ಮನೆಯಲ್ಲಿ ಗಟ್ಟಿಯಿದ್ದಾಳೆಂದು ಎಲ್ಲ ರಾತ್ರಿಯನ್ನೂ ಅಕ್ಕನಿಗೇ ಬಿಟ್ಟಾಗ ಆ ಗಟ್ಟಿತನವೇ ರಾತ್ರಿಗಳಲ್ಲಿ ಖರ್ಚಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಗೆಳತಿ ಮೇಲಿನವರ ಬಳಿ ಪಾಳಿ ಬದಲಿಸಲು ಕೇಳಿದಳಂತೆ. ಲಸಿಕೆಗೆ ಅರ್ಧ ದಿನ ಬಿಡುವು ಕೊಡುವ ನಿಯಮವಿದೆ, ಅದರ ಹಿಂದುಮುಂದಿನ ರಾತ್ರಿಗೆ ಯಾವ ನಿಯಮವೂ ಇಲ್ಲ ಎಂಬ ಉತ್ತರ ಬಂತು. ಕೊನೆಗೆ ಜೊತೆಗಾರ್ತಿಯೊಬ್ಬಳು ಅದಲುಬದಲಿಗೆ ಒಪ್ಪಿದ್ದರಿಂದ ಹೊಸ ಸುತ್ತಿನ ಮೊದಲ ಡೋಸನ್ನು ರಜೆಯ ನಡುವೆ ಹಾಕಿಸಿಕೊಂಡಳು. ಎರಡನೆಯದು ತಿಂಗಳ ನಂತರ. ಆ ತಿಂಗಳ ಪಾಳಿಪಟ್ಟಿ ಇನ್ನೂ ಬಂದಿಲ್ಲ, ಬಂದರೂ ಈ ಸಲ ಬದಲಿಗೆ ಯಾರು ಸಿಗುತ್ತಾರೋ ನೋಡಬೇಕು ಎಂದಳು.